ಸಾಣೆ ಮುಟ್ಟಿ ಹೇಳಿದ ಮಾತು

"ನಮ್ಮನೆ ಸಾಣೆ ಸುಳ್ಳು ಹೇಳೂದಿಲ್ಲ" ಎಂದು ನನ್ನ ಮಾವ ಹೇಳುತ್ತಿದ್ದರು. ಗಂಧದ ಪೆಟ್ಟಿಗೆ ಕೊಳ್ಳಲು ಬಂದವರಿಗೆ ಹೇಳುತ್ತಿದ್ದರು, ನೆಂಟರಿಗೆ ಹೇಳುತ್ತಿದ್ದರು, ಯಾರೂ ಸಿಗದಿದ್ದರೆ ನನಗೆ ಹೇಳುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಸತ್ತವರನ್ನು ಬೈಯಬಾರದಂತೆ. ಬೈಯದವರು ಪುಣ್ಯವಂತರು, ಇರಲಿ. ನನಗೆ ಆ ಮಾತು ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಕುಮಟೆಯ ಆ ಮನೆಗೆ ಸೊಸೆಯಾಗಿ ಹೋದೆ. ಗಂಧದ ಕೆತ್ತನೆಯವರ ಮನೆ. ಜಗಲಿಯೇ ಕೆಲಸದ ಜಾಗ. ಮಾವ ಮತ್ತು ನನ್ನ ಗಂಡ ಗೋಡೆಗೆ ಬೆನ್ನು ಕೊಟ್ಟು ಕೂತು, ಕಾಲಿನ ಬೆರಳಲ್ಲಿ ಗಂಧದ ತುಂಡು ಹಿಡಿದು, ಸೂಜಿಯಷ್ಟು ಸಣ್ಣ ಉಳಿಗಳಿಂದ ಹೂವು ಬಳ್ಳಿ ಬಿಡಿಸುತ್ತಿದ್ದರು. ಉಳಿಯ ಬಾಯಿ ಸ್ವಲ್ಪ ಮೊಂಡಾದರೂ ಗಂಧ ಸಿಬಿರೊಡೆಯುತ್ತದೆ. ಹಾಗಾಗಿ ಜಗಲಿಯ ಮೂಲೆಯಲ್ಲಿ ಸಾಣೆಚಕ್ರ ಸದಾ ಸಿದ್ಧ ಇರಬೇಕು. ಒಬ್ಬರು ತೊಗಲಿನ ಬಾರು ಹಿಡಿದು ಹಿಂದೆ ಮುಂದೆ ಎಳೆದು ಚಕ್ರ ತಿರುಗಿಸಬೇಕು, ಇನ್ನೊಬ್ಬರು ಉಳಿ ಹಿಡಿಯಬೇಕು. ಬಾರು ಎಳೆಯುವ ಕೆಲಸ ಹೆಂಗಸರದು. ಅತ್ತೆ ಇರುವವರೆಗೆ ಅತ್ತೆ ಎಳೆದಿದ್ದರು. ನನ್ನ ಮದುವೆಗೆ ಮೊದಲೇ ಅವರು ತೀರಿಕೊಂಡಿದ್ದರಿಂದ ಬಾರು ನೇರ ನನ್ನ ಕೈಗೆ ಬಂತು.

ಆ ಚಕ್ರವನ್ನು ಮನೆಯಲ್ಲೇ ಮಾಡುತ್ತಿದ್ದರು. ಘಟ್ಟದ ಮೇಲಿನಿಂದ ಗೋಣಿಯಲ್ಲಿ ಕುರುಂದದ ಕಲ್ಲು ಬರುತ್ತಿತ್ತು. ನೋಡಲು ಏನೂ ಚಂದವಿಲ್ಲ. ಬೂದಿ ಬಣ್ಣ, ಕೆಲವು ಮಣ್ಣುಗೆಂಪು. ನಡು ಉಬ್ಬಿದ, ಆರು ಮೂಲೆಯ ಗಿಡ್ಡ ತುಂಡುಗಳು. ಕೈಗೆತ್ತಿಕೊಂಡರೆ ಮಾತ್ರ ಗೊತ್ತಾಗುತ್ತದೆ, ಕಲ್ಲು ಗಾತ್ರಕ್ಕಿಂತ ಭಾರ. ಅದನ್ನು ಕಬ್ಬಿಣದ ಒರಳಲ್ಲಿ ಹಾರೆಯಿಂದ ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ಕಾದ ಅರಗಿಗೆ ಕಲಸಿ, ಅಚ್ಚಿಗೆ ಒತ್ತಿದರೆ ಚಕ್ರ. ಕುಟ್ಟುವುದೂ ಹೆಂಗಸರ ಕೆಲಸವೇ. ಪುಡಿ ಅಂಗೈ ಗೆರೆಗಳಲ್ಲಿ ಕೂತರೆ ಸೀರೆ ಮುಟ್ಟಿದರೂ ನೂಲು ಕಿತ್ತು ಬರುತ್ತಿತ್ತು.

ಆ ಮನೆಗೆ ದೇವರೆಂದರೆ ಸಾಣೆಯೇ. ಹೊಸ ಉಳಿ ಬಂದರೆ ಮೊದಲು ಸಾಣೆಗೆ ತೋರಿಸಬೇಕು. ಸೊಸೆ ಬಂದರೂ ಅಷ್ಟೆ. ನಾನು ಹೊಸ್ತಿಲು ದಾಟಿದ ಮೇಲೆ ದೇವರ ಕೋಣೆಗೆ ಮೊದಲು ಜಗಲಿಯ ಮೂಲೆಗೆ ಕರೆದೊಯ್ದು ನನ್ನ ಕೈಯಿಂದ ಚಕ್ರಕ್ಕೆ ಕುಂಕುಮ ಹಚ್ಚಿಸಿದ್ದರು. ಮನೆಯಲ್ಲಿ ಮಾತಿಗೆ ಮಾತು ಬೆಳೆದರೆ ಮಾವ "ಸಾಣೆ ಮುಟ್ಟಿ ಹೇಳು" ಎನ್ನುತ್ತಿದ್ದರು. ಮುಟ್ಟಿ ಹೇಳಿದರೆ ಮುಗಿಯಿತು. ಮುಟ್ಟಿ ಸುಳ್ಳು ಹೇಳಿದವರ ಸಂತಾನಕ್ಕೆ ಒಳ್ಳೆಯದಾಗುವುದಿಲ್ಲ ಎಂದು ನಂಬಿಕೆ.

ಮದುವೆಯಲ್ಲಿ ಮಾವ ನನಗೆ ಅತ್ತೆಯ ಉಂಗುರ ಹಾಕಿದ್ದರು. ಕೆಂಪಿನ ಉಂಗುರ. ಮಾಣಿಕ್ಯಕ್ಕೆ ನಾವು ಕೆಂಪು ಎನ್ನುತ್ತೇವೆ. ತೊಗರಿಬೇಳೆಗಿಂತ ಸ್ವಲ್ಪ ದೊಡ್ಡ ಹರಳು, ಹಿಂದುಗಡೆ ಚಿನ್ನ ಮುಚ್ಚಿ ಕೂರಿಸಿದ ಹಳೇ ಕಾಲದ ಕೆಲಸ. ಬಿಸಿಲಿಗೆ ಹಿಡಿದರೆ ಒಳಗೆ ಕೆಂಡ ಇಟ್ಟಂತೆ ಇರುತ್ತಿತ್ತು. ಮೊದಲ ಬಾಣಂತನಕ್ಕೆ ನಾನು ತವರಿಗೆ ಹೋಗುವಾಗ ಮಾವ, "ಹಿರಿಯರ ಉಂಗುರ ಬೆರಳಿಂದ ತೆಗೂಕಾಗ" ಎಂದಿದ್ದರು. ನಾನು ತೆಗೆಯಲಿಲ್ಲ.

ನನ್ನ ತವರು ಕಾಯ್ಕಿಣಿ. ಹೊನ್ನಾವರದಲ್ಲಿ ಹೊಳೆ ದಾಟಿ ಭಟ್ಕಳದ ಬಸ್ಸು ಹಿಡಿಯಬೇಕು. ಅಪ್ಪ ಇರಲಿಲ್ಲ. ಅಮ್ಮ ಸ್ವಲ್ಪ ಗದ್ದೆ ಮಾಡಿಕೊಂಡು, ಬೇರೆಯವರ ಗದ್ದೆಯ ನಟ್ಟಿಗೂ ಹೋಗಿ ನನ್ನನ್ನು ಸಾಕಿದವಳು. ಅವಳು ಮಾಡಿದ ಬಾಣಂತನದಲ್ಲಿ ಒಂದು ಕೊರತೆ ಇರಲಿಲ್ಲ. ದಿನವೂ ತಲೆಯಿಂದ ಕಾಲಿನವರೆಗೆ ಎಣ್ಣೆ, ಅರಿಶಿನ, ಸೀಗೆಪುಡಿ, ಹಂಡೆಗಟ್ಟಲೆ ಬಿಸಿನೀರು. ಉಂಗುರ ಬೆರಳಲ್ಲೇ ಇತ್ತು. ಅದೂ ನನ್ನ ಜೊತೆ ಎಣ್ಣೆ ಕುಡಿಯಿತು. ತಿಂಗಳು ಕಳೆದಂತೆ ಹರಳು ಮಂಕಾಯಿತು. "ಎಣ್ಣೆ ಜಿಡ್ಡು, ಹೋಗ್ತದೆ" ಎಂದಳು ಅಮ್ಮ. ನಾವಿಬ್ಬರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಬಾಣಂತನ ಮುಗಿದ ಮೇಲೆ ಅಮ್ಮನೇ ನನ್ನನ್ನೂ ನನ್ನ ಮಗಳನ್ನೂ ಕುಮಟೆಗೆ ಕರೆತಂದಳು. ತಲೆಯ ಮೇಲೆ ಉಂಡೆಯ ಡಬ್ಬ, ಕಂಕುಳಲ್ಲಿ ಮಗುವಿನ ಬಟ್ಟೆಯ ಗಂಟು. ಮಾವ ಮಗುವನ್ನು ಎತ್ತಿಕೊಂಡರು, ನಕ್ಕರು. ನಾನು ಕಾಲಿಗೆ ಬೀಳಲು ಕೈ ಚಾಚಿದಾಗ ಉಂಗುರ ಕಂಡಿತು. ಮಗುವನ್ನು ನನ್ನ ಗಂಡನ ಕೈಗೆ ಕೊಟ್ಟು ನನ್ನ ಬೆರಳು ಹಿಡಿದರು.

"ಇದು ನಮ್ಮ ಕೆಂಪಲ್ಲ" ಎಂದರು.

ಅಮ್ಮ ನಗುತ್ತಲೇ ಎಣ್ಣೆಯ ಸಂಗತಿ ಹೇಳಿದಳು. ಮಾವ ಕೇಳಲಿಲ್ಲ. ಅಮ್ಮ, "ಅಕ್ಕಸಾಲಿಗೆ ತೋರ್ಸಿ ಬೀಗರೆ, ಅವ್ರಿಗೆ ಗೊತ್ತಾಗ್ತದೆ" ಎಂದಳು. "ಮನೆ ಮಾತು ಪೇಟೆಗೆ ಒಯ್ಯೂದಾ? ಸಾಣೆ ಇದ್ದಲ್ಲ ಮನೇಲಿ. ಅಸಲಿ ಕೆಂಪಾದ್ರೆ ವಜ್ರ ಬಿಟ್ರೆ ಬೇರೆ ಎಂತದ್ರಿಂದ್ಲೂ ಗೀರು ಬೀಳೂದಿಲ್ಲ. ಗಾಜಾದ್ರೆ ಈಗ್ಲೇ ಗೊತ್ತಾಗ್ತದೆ" ಎಂದರು.

ಬಾರು ಎಳೆಯಲು ನನ್ನನ್ನೇ ಕೂರಿಸಿದರು. ಎಷ್ಟೋ ತಿಂಗಳ ಮೇಲೆ ಸಾಣೆಯ ಮುಂದೆ ಕೂತಿದ್ದೆ, ಮೊಲೆಹಾಲು ಕಟ್ಟಿ ಎದೆ ಬಿಗಿದಿತ್ತು, ಮಗು ಅಳುತ್ತಿತ್ತು. ಎಳೆದೆ. ಚಕ್ರ ತಿರುಗಿತು. ಮಾವ ಹರಳನ್ನು ಚಕ್ರಕ್ಕೆ ಒತ್ತಿ ಹಿಡಿದರು. ಉಳಿ ಹಿಡಿದಾಗ ಬರುವ ಸದ್ದಲ್ಲ ಅದು, ಹಲ್ಲು ಜುಂ ಎನ್ನುವ ಸದ್ದು. ತೆಗೆದು ನೋಡಿದರೆ ಹರಳಿನ ಮುಖದ ಮೇಲೆ ಬಿಳಿ ಗೀರು.

"ಗಾಜು" ಎಂದರು ಮಾವ. ಗೆದ್ದವರ ದನಿಯಲ್ಲಿ.

ಆಮೇಲೆ ನಡೆದದ್ದು ಹೆಚ್ಚು ಹೊತ್ತಿನದಲ್ಲ. ನಿಮ್ಮ ಮನೆಯಲ್ಲಿ ಇದ್ದಾಗ ಹರಳು ಬದಲಾಗಿದೆ, ಒಪ್ಪಿಕೊಂಡರೆ ಮಾತು ಇಲ್ಲಿಗೇ ಮುಗಿಯುತ್ತದೆ, ಇಲ್ಲದಿದ್ದರೆ ನಿಮ್ಮ ಮಗಳನ್ನು ನಿಮ್ಮ ಜೊತೆಗೇ ಕರೆದುಕೊಂಡು ಹೋಗಿ, ಮಗು ನಮ್ಮದು, ಅದು ಇಲ್ಲಿರುತ್ತದೆ ಎಂದರು ಮಾವ. ನಾನು ಕೂಗಿದೆ. ಏನೇನು ಕೂಗಿದೆನೋ. ನನ್ನ ಗಂಡ ಮಗುವನ್ನು ಹಿಡಿದುಕೊಂಡು ಕಂಬಕ್ಕೆ ಒರಗಿ ನಿಂತಿದ್ದರು. ಮೈದುನ ಆಗ ಶಾಲೆಗೆ ಹೋಗುವವ, ಒಳಗೆ ಓಡಿಹೋದ.

ಅಮ್ಮ ನನ್ನನ್ನು ನೋಡಿದಳು. ಅಳುವ ಮಗುವನ್ನು ನೋಡಿದಳು. ಎದ್ದು ಹೋಗಿ ಸಾಣೆಯ ಮೇಲೆ ಕೈಯಿಟ್ಟಳು.

"ಹೌದು. ನಾನೇ ಬದಲ್ಸಿದ್ದು. ಅವ್ಳಿಗೆ ಎಂತ ಗೊತ್ತಿಲ್ಲ" ಎಂದಳು.

ಉಂಡೆಯ ಡಬ್ಬ ಅಲ್ಲೇ ಬಿಟ್ಟು, ಒಂದು ಗುಟುಕು ನೀರೂ ಕುಡಿಯದೆ ಇಳಿದು ಹೋದಳು. ನಾನು "ಸುಳ್ಳು, ಸುಳ್ಳು" ಎಂದು ಅವಳ ಹಿಂದೆ ಓಡಿದರೆ ತಿರುಗಿ, "ಹಾಲು ಕುಡ್ಸು ಹೋಗೆ, ಅಳ್ತಾ ಉಂಟು" ಎಂದು ಗದರಿದಳು. ಅವಳ ಮೇಲೂ ನನಗೆ ಸಿಟ್ಟು ಬಂತು. ಮಾಡದ್ದನ್ನು ಯಾಕೆ ಒಪ್ಪಿದೆ ಎಂದು ಆಮೇಲೆ ಎಷ್ಟು ಸಲ ಕೇಳಿದರೂ "ಆತಲ್ಲ, ಬಿಡು" ಎನ್ನುತ್ತಿದ್ದಳೇ ಹೊರತು ಬೇರೆ ಮಾತಿಲ್ಲ.

ಅಲ್ಲಿಂದ ಮುಂದೆ ಅಮ್ಮ ಕುಮಟೆಯ ಮನೆಗೆ ಬರುವಂತಿಲ್ಲ. ನಾನು ವರ್ಷಕ್ಕೊಮ್ಮೆ ಕಾಯ್ಕಿಣಿಗೆ ಹೋಗಬಹುದು, ಆದರೆ ಮೈಮೇಲಿನ ಚಿನ್ನ ಬಿಚ್ಚಿಟ್ಟು ಹೋಗಬೇಕು. ತಿರುಗಿ ಬಂದಾಗ ಮಾವ ಏನೂ ಕೇಳುತ್ತಿರಲಿಲ್ಲ, ನನ್ನ ಗಂಟು ಬಿಚ್ಚಿ ನೋಡುತ್ತಿದ್ದರು ಅಷ್ಟೆ. ಎರಡನೆಯ ಬಾಣಂತನಕ್ಕೆ ಅಮ್ಮನಲ್ಲಿಗೆ ಕಳಿಸಲಿಲ್ಲ. ಉಂಗುರ ಮಾವನ ಪೆಟ್ಟಿಗೆ ಸೇರಿತು. ಯಾರಾದರೂ ಬಂದರೆ ಅದನ್ನು ತೆಗೆದು ಗೀರು ತೋರಿಸಿ, ಹೆಸರು ಹೇಳದೆ, "ಜನ ಹೇಗಿರ್ತಾರೆ ಕಾಣಿ. ಆದ್ರೆ ನಮ್ಮನೆ ಸಾಣೆ ಸುಳ್ಳು ಹೇಳೂದಿಲ್ಲ" ಎನ್ನುತ್ತಿದ್ದರು. ನಾನು ಚಹಾ ತಂದಿಟ್ಟು ಒಳಗೆ ಹೋಗಬೇಕು.

ಹೀಗೇ ವರ್ಷಗಳು ಹೋದವು. ಮೈದುನ ದೊಡ್ಡವನಾಗಿ ಧಾರವಾಡದ ಕಾಲೇಜಿಗೆ ಸೇರಿದ, ಭೂಗರ್ಭಶಾಸ್ತ್ರ ಓದಲು. ಒಂದು ಮಳೆಗಾಲದ ಕೊನೆಗೆ ಹಳೇ ಸಾಣೆ ಸವೆದು ತಟ್ಟೆಯಷ್ಟಾಗಿತ್ತು. ಹೊಸದಕ್ಕೆ ಗೋಣಿ ಬಂತು. ನಾನು ಜಗಲಿಯಲ್ಲಿ ಕುರುಂದ ಸುರಿದುಕೊಂಡು ಆರಿಸುತ್ತಿದ್ದೆ. ರಜೆಗೆ ಬಂದ ಮೈದುನ ಪಕ್ಕದಲ್ಲೇ ಕಾಲು ಚಾಚಿ ಪರೀಕ್ಷೆಗೆಂದು ಗಟ್ಟಿಯಾಗಿ ಓದುತ್ತಿದ್ದ. ಕಲ್ಲುಗಳಿಗೆ ಒಂದರಿಂದ ಹತ್ತರವರೆಗೆ ಗಡಸುತನದ ಮೆಟ್ಟಿಲಂತೆ. ಎಲ್ಲಕ್ಕೂ ಕೆಳಗೆ ಬಳಪದ ಕಲ್ಲು, ಉಗುರು ತಾಗಿದರೂ ಗೀರು ಬೀಳುತ್ತದೆ. ನಡುವೆ ಎಲ್ಲೋ ಗಾಜು, ಚಾಕು. ಒಂಬತ್ತನೆಯದು ಕುರುಂದ. ಅದರ ಮೇಲೆ ವಜ್ರ ಒಂದೇ. ಕುರುಂದದಿಂದ ಸಾಣೆ ಮಾಡುತ್ತಾರೆ, ಲೋಹ ಉಜ್ಜುವ ಕಾಗದ ಮಾಡುತ್ತಾರೆ, ಗಡಿಯಾರದ ಸಣ್ಣ ಚಕ್ರಗಳು ಸವೆಯದಂತೆ ಕೂರಿಸುತ್ತಾರೆ. ಕುರುಂದದಲ್ಲಿ ತಿಳಿಯಾದ ಕೆಂಪಿನದು ಮಾಣಿಕ್ಯ, ನೀಲಿಯದು ನೀಲ.

ನನ್ನ ಕೈ ನಿಂತಿತು. ಮಡಿಲಲ್ಲಿದ್ದ ಕಲ್ಲುಗಳಲ್ಲಿ ಒಂದರ ಅಂಚು ಕೆಂಪಗಿತ್ತು. ಹಿಂದೆಯೂ ಅಂಥವನ್ನು ಎಷ್ಟೋ ಕುಟ್ಟಿದ್ದೆ. ಅದನ್ನು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಜಾಗದಲ್ಲಿ ಬೆಳಕು ತೂರಿ ಬಂತು. ಅದೇ ಬಣ್ಣ.

"ಮತ್ತೊಂದ್ಸಲ ಓದು" ಎಂದೆ.

ಓದಿದ. ಓದಿ ಮುಂದಿನ ಹಾಳೆಗೆ ಹೋಗುತ್ತಿದ್ದ. ಅದೇ ಜಗಲಿಯಲ್ಲಿ ಬೆಳೆದವನು, ಅದೇ ಮಾತು ದಿನಾ ಕೇಳಿದವನು, ಅವನಿಗೆ ಏನೂ ಅನ್ನಿಸಲಿಲ್ಲ. ಪರೀಕ್ಷೆಗೆ ಬರುವ ಪ್ರಶ್ನೆ ಎಂದಷ್ಟೇ ಗೊತ್ತು ಅವನಿಗೆ. ನನಗೆ ಪುಸ್ತಕ ಕಿತ್ತು ಅವನ ಮುಖಕ್ಕೆ ಎಸೆಯಬೇಕು ಎನ್ನಿಸಿತು.

"ಕುರುಂದಕ್ಕೆ ಕುರುಂದ ತಿಕ್ಕಿದ್ರೆ ಎಂತಾಗ್ತದೆ?"

"ಸಮ ಸಮ ಅಲ್ದಾ ಅತ್ತಿಗೆ? ಒಂದಕ್ಕೊಂದು ಗೀರ್ತದೆ" ಎಂದ. ಹೇಳಿದ ಮೇಲೆ ನನ್ನ ಮುಖ ನೋಡಿದ. ಆಮೇಲೆ ಸವೆದ ಸಾಣೆಯನ್ನು ನೋಡಿದ. ಪುಸ್ತಕ ಮುಚ್ಚಿದ.

ಮಾವ ಊಟ ಮುಗಿಸಿ ಕೈ ತೊಳೆದು ಬರುವಷ್ಟು ಹೊತ್ತೂ ನಾನು ಕಾಯಲಿಲ್ಲ. "ಉಂಗುರ ಕೊಡಿ" ಎಂದೆ. ಅಷ್ಟು ವರ್ಷದಲ್ಲಿ ನಾನು ಅವರ ಎದುರು ನಿಂತು ಏನನ್ನೂ ಕೇಳಿರಲಿಲ್ಲ. ಬೆರಗಾಗಿಯೋ ಏನೋ ತಂದುಕೊಟ್ಟರು. ಜಗಲಿಯಲ್ಲಿ ಅವರ ಅಪ್ಪನ ದೊಡ್ಡ ಪಟ ಇತ್ತು, ಗಾಜು ಹಾಕಿಸಿದ್ದು. ಮೊದಲು ನನ್ನ ಗಾಜಿನ ಬಳೆಯೊಂದನ್ನು ಒಡೆದು ಆ ಚೂರಿನಿಂದ ಪಟದ ಗಾಜನ್ನು ತಿಕ್ಕಿದೆ. ಜಾರಿತೇ ಹೊರತು ಗೀರಲಿಲ್ಲ. ಆಮೇಲೆ ಉಂಗುರದ ಹರಳು ಊರಿ ಎಳೆದೆ. ಅವರ ಅಪ್ಪನ ಪೇಟದಿಂದ ಗದ್ದದವರೆಗೆ ಕರ್ರೆಂದು ಗೆರೆ ಬಿತ್ತು. ಬೆರಳಾಡಿಸಿದರೆ ಉಗುರು ಸಿಕ್ಕಿಕೊಳ್ಳುವಷ್ಟು ಆಳ.

"ಗಾಜು ಗಾಜನ್ನ ಹೀಗೆ ಕೊರೀತದ್ಯಾ ಮಾವ?" ಎಂದೆ.

ಸಣ್ಣ ಉಳಿಯೊಂದನ್ನು ತೆಗೆದು ಹರಳನ್ನು ಚಿನ್ನದಿಂದ ಮೀಟಿದೆ. ಅಡಿಗೆ ಹೊಳಪಿಗೆಂದು ಹಾಕಿದ್ದ ತೆಳ್ಳನೆಯ ಬೆಳ್ಳಿ ತಗಡು ಎಣ್ಣೆ ಕುಡಿದು ಇದ್ದಿಲಿನಂತೆ ಕಪ್ಪಾಗಿತ್ತು. ಹರಳನ್ನು ಒರೆಸಿ ಬಾಗಿಲ ಬಿಸಿಲಿಗೆ ಹಿಡಿದೆ. ಕೆಂಡ ಹಾಗೇ ಇತ್ತು, ಮೇಲೊಂದು ಗೀರು ಮಾತ್ರ. ಮೈದುನ ಪುಸ್ತಕದಲ್ಲಿದ್ದುದನ್ನು ತಡವರಿಸುತ್ತ ಹೇಳಿದ. ನಿಮ್ಮ ಕೈಗಡಿಯಾರದೊಳಗೂ ಇದೇ ಕಲ್ಲು ಇದೆ ಅಪ್ಪ ಎಂದ.

ನಾನು ಕಾಯುತ್ತಿದ್ದೆ. ನನಗೆ ಬೇಕಾದದ್ದು ಒಂದೇ ಮಾತು.

ಮಾವ ಪಟದ ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ, "ಹಾಗಾದ್ರೆ ನಿನ್ನ ಅಮ್ಮ ಎಂತಕ್ಕೆ ಒಪ್ಕಂಡ್ಲು? ಸಾಣೆ ಮುಟ್ಟಿ ಹೇಳಿದ್ಲಲ್ಲ. ನಮ್ಮದೆಂತ ತಪ್ಪು?" ಎಂದರು.

ನೋಡಿ. ಕಲ್ಲು ಅಸಲಿ ಎಂದು ಗೊತ್ತಾಯಿತು, ಕಳ್ಳತನವೇ ಆಗಿಲ್ಲ ಎಂದು ಗೊತ್ತಾಯಿತು, ಆದರೂ ತಪ್ಪು ನನ್ನ ಅಮ್ಮನದೇ. ಹಸುಗೂಸನ್ನು ಒತ್ತೆಯಿಟ್ಟುಕೊಂಡು ಬಾಯಿ ಬಿಡಿಸಿದವರ ತಪ್ಪೇನೂ ಇಲ್ಲ. ಕಾಯ್ಕಿಣಿಗೆ ಹೋಗಿ ಅಮ್ಮನ ಎದುರು ತಪ್ಪಾಯಿತು ಎನ್ನಿ ಎಂದೆ. "ಹೋಗೂಕೆ ನಾನೆಂತ ಕದ್ದವನಾ?" ಎಂದರು. ಹರಳಿಗೆ ಹೊಳಪು ಕೊಡಿಸಿ ಉಂಗುರ ಮತ್ತೆ ನಿನಗೇ ಕೊಡುತ್ತೇನೆ, ಹಾಕಿಕೋ ಎಂದರು. ನನ್ನ ಗಂಡ ಆಗ ಬಾಯಿ ಬಿಟ್ಟರು. ಅಷ್ಟು ವರ್ಷದ ಮೇಲೆ ಬಿಟ್ಟದ್ದು ಇಷ್ಟಕ್ಕೆ: "ನಿಜ ಗೊತ್ತಾತಲ್ಲ. ಇನ್ನೆಂತ ಬೇಕು ನಿಂಗೆ?"

ಹರಳನ್ನು ಸೆರಗಿಗೆ ಕಟ್ಟಿಕೊಂಡೆ. ಮಾರನೆಯ ದಿನ ಕುರುಂದ ಕುಟ್ಟಲು ಕೂತಾಗ ಅದನ್ನೂ ಒರಳಿಗೆ ಹಾಕಿದೆ. ಅದು ಗಡಸು ನಿಜ, ಆದರೆ ಗಡಸು ಎಂದರೆ ಒಡೆಯದ್ದು ಎಂದಲ್ಲ. ಗಾಜು, ಉಕ್ಕು ಯಾವುದಕ್ಕೂ ಜಗ್ಗದ ಕಲ್ಲು ಹಾರೆಯ ಪೆಟ್ಟಿಗೆ ಚೂರಾಯಿತು. ಇನ್ನೂ ಕುಟ್ಟಿದೆ. ಕೆಂಪೆಲ್ಲ ಹೋಗಿ ಕೊನೆಗೆ ಸಪ್ಪೆ ಬಿಳುಪು, ಉಳಿದ ಪುಡಿಯಲ್ಲಿ ಬೆರೆತು ಹೋಯಿತು. ಯಾವುದು ಮಾಣಿಕ್ಯ, ಯಾವುದು ಗೋಣಿಯ ಕಲ್ಲು ಎಂದು ನನಗೂ ಗೊತ್ತಾಗದಂತೆ ಆಯಿತು. ಮಾವನೇ ತಮ್ಮ ಕೈಯಾರೆ ಅರಗು ಕಾಯಿಸಿ, ಕಲಸಿ, ಹೊಸ ಸಾಣೆ ಮಾಡಿದರು.

ನವರಾತ್ರಿಯ ಆಯುಧಪೂಜೆಯ ದಿನ ಸಾಣೆಗೆ ಹೂವು ಏರಿಸಿದ ಮೇಲೆ ಮಾವ ಹರಳು ಕೇಳಿದರು. ಪೂಜೆಗೆ ಇಡಬೇಕು, ಕೊಡು ಎಂದರು. "ಇಟ್ಟಿದ್ದೇನೆ, ಅದ್ರೊಳಗೇ ಉಂಟು" ಎಂದು ಸಾಣೆ ತೋರಿಸಿದೆ. ಮೊದಲು ಅರ್ಥವಾಗಲಿಲ್ಲ ಅವರಿಗೆ. ಅರ್ಥವಾದಾಗ ಹೊಡೆಯಲು ಕೈ ಎತ್ತಿದರು. ನಾನು ಕದಲಲಿಲ್ಲ. "ಅಮ್ಮ ಕದ್ದಿದ್ಲು ಅಂತ ಈಗ ಸಾಣೆ ಮುಟ್ಟಿ ನೀವು ಹೇಳಿ. ಹೇಳಿದ್ರೆ ಈಗ್ಲೇ ಈ ಮನೆ ಬಿಟ್ಟು ಹೋಗ್ತೆ" ಎಂದೆ.

ಎತ್ತಿದ ಕೈ ಇಳಿಯಿತು. ಸಾಣೆಯ ಕಡೆಗೆ ಮಾತ್ರ ಹೋಗಲಿಲ್ಲ. ಅಂದಿನಿಂದ ಮಾವ ಆ ಸಾಣೆಗೆ ಉಳಿ ಹಿಡಿಯಲೇ ಇಲ್ಲ, ನನ್ನ ಗಂಡನ ಕೈಗೆ ಕೊಟ್ಟು ಹಿಡಿಸುತ್ತಿದ್ದರು. ಸಾಣೆ ಸುಳ್ಳು ಹೇಳುವುದಿಲ್ಲ ಎಂಬ ಮಾತೂ ಆ ಮನೆಯಲ್ಲಿ ನಿಂತಿತು.

ಭತ್ತ ಕೊಯ್ಲಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಅವರು ಯಾರಿಗೂ ಹೇಳದೆ ಹೊನ್ನಾವರದ ಬಸ್ಸು ಹತ್ತಿದ್ದರು. ಕಾಯ್ಕಿಣಿಗೆ ಹೋಗಿದ್ದರು ಎಂದು ನನಗೆ ಗೊತ್ತಾದದ್ದು ನಾನು ಮುಂದೆ ತವರಿಗೆ ಹೋದಾಗ. ಜಗಲಿಯಲ್ಲಿ ಕೂತರಂತೆ. ಅಮ್ಮ ಕೊಟ್ಟ ಬೆಲ್ಲ ತಿಂದು ನೀರು ಕುಡಿದರಂತೆ. ಈ ಸಲ ಭತ್ತ ಹೇಗೆ, ತೆಂಗು ಹೇಗೆ ಎಂದು ಕೇಳಿದರಂತೆ. ಹರಳು ಅಸಲಿಯೇ ಆಗಿತ್ತು ಎಂದು ಅಂಗಳಕ್ಕೆ ಇಳಿಯುವಾಗ, ಅಮ್ಮನ ಮುಖ ನೋಡದೆ, ಹೇಳಿದರಂತೆ. ತಪ್ಪಾಯಿತು ಎನ್ನಲಿಲ್ಲ.

"ಬಂದ್ರಲ್ಲ, ನೀರು ಕುಡುದ್ರಲ್ಲ, ಸಾಕು" ಎಂದಳು ಅಮ್ಮ.

"ಎಂತ ಸಾಕು?" ಎಂದು ನಾನು ಕಿರುಚಿದೆ. "ಅಷ್ಟು ವರ್ಷ ನಿನ್ನ ಕಳ್ಳಿ ಅಂದ್ರಲ್ಲ, ಒಂದು ಮಾತು ಕೇಳೂಕಾಗ್ಲಿಲ್ಲ ನಿಂಗೆ?"

ಅಮ್ಮ ಭತ್ತ ಗೇರುತ್ತಿದ್ದಳು. ಮೊರ ನಿಲ್ಲಿಸಿದಳು. ಅಂಗಳದಲ್ಲಿ ಆಡುತ್ತಿದ್ದ ನನ್ನ ಮಗಳ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು:

"ಅದು ಬಿಡು. ಕಳ್ಳಿ ಅಂದ್ರೆ ನಂಗೆ ಎಂತ ಆಗ್ತದೆ? ಆವತ್ತು ನಾ ಸಾಣೆ ಮುಟ್ಟಿ ಸುಳ್ಳು ಹೇಳ್ದೆ ಅಲ್ದಾ. ಅವ್ಳಿಗೆ ಜ್ವರ ಬಂದಾಗೆಲ್ಲ ನಂಗೆ ಅದೇ ನೆನಪಾಗೂದು. ಎಷ್ಟು ದೇವ್ರಿಗೆ ಹೇಳ್ಕಂಡಿದ್ದೆನೋ. ಹಳೇ ಸಾಣೆ ಸವ್ದು ಹೋತು ಅಂದ್ಯಲ್ಲ. ಇನ್ನು ಅವ್ಳಿಗೆ ಎಂತ ಆಗೂದಿಲ್ಲ ಅಲ್ದಾ?"